ತೊಟ್ಟಿಲಿನಿಂದ ಖಬರಿನವರೆಗೆ

(ಪಟ್ಟಣದ ರಕ್ತದಾನಿ ಯುವಕರ ಬಳಗವೊಂದು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಸೇವೆಗೆ ಮುಡಿಪಾದ ಒಂದು ಬದುಕಿನ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡರು. ಯಾರ ಬದುಕು ಎಂಬ ಆಯ್ಕೆಯನ್ನು ನನಗೇ ಬಿಟ್ಟರು. ಸಹಾಬಿಗಳ ಚರಿತ್ರೆಯಿಂದ ಒಬ್ಬರನ್ನು ಆರಿಸಬಹುದಿತ್ತು. ಆದರೆ ಸಹಾಬಿಗಳ ತ್ಯಾಗದ ಕಥೆ ಕೇಳುವಾಗ ನಾವು ಸುಬ್‌ಹಾನಲ್ಲಾಹ್ ಎಂದು ಕಣ್ಣೊರೆಸಿಕೊಂಡು, ‘ಅದು ಆ ಕಾಲದ ಮಾತು’ ಎಂದು ಮನೆಗೆ ಮರಳುತ್ತೇವೆ. ಆದ್ದರಿಂದ ನಮ್ಮದೇ ಕಾಲದಲ್ಲಿ ಬದುಕಿದ್ದ, ನಮ್ಮಂತೆಯೇ ಅಂಗಡಿ ಬೀದಿಯ ಕುಟುಂಬವೊಂದರಲ್ಲಿ ಹುಟ್ಟಿದ್ದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಮರ್ಹೂಮ್ ಅಬ್ದುಸ್ಸತ್ತಾರ್ ಈಧಿ. 1928ರಲ್ಲಿ ಜನಿಸಿ, 2016ರ ಜುಲೈ 8ರಂದು ತಮ್ಮ 88ನೆಯ ವಯಸ್ಸಿನಲ್ಲಿ ಕರಾಚಿಯಲ್ಲಿ ಅಲ್ಲಾಹನ ಕರೆಗೆ ಓಗೊಟ್ಟವರು.

ಕರಾಚಿ ಎಂದೊಡನೆ ಸಭೆಯಲ್ಲಿ ಕೆಲವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡದ್ದನ್ನು ನಾನು ಗಮನಿಸಿದೆ. ಗಡಿಯಾಚೆಯ ಒಬ್ಬ ವ್ಯಕ್ತಿಯನ್ನು ಹೊಗಳಿದರೆ ನಮ್ಮ ದೇಶನಿಷ್ಠೆಯನ್ನು ಅಳೆಯಲು ಕೋಲು ಹಿಡಿದು ನಿಲ್ಲುವವರಿದ್ದಾರೆ ಎಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ಅಂಥವರಿಗೆ ಹೇಳಬೇಕಾದುದು ಇಷ್ಟೇ. ಈಧಿಯವರು ಹುಟ್ಟಿದ್ದು ನಮ್ಮ ಗುಜರಾತಿನ ಜುನಾಗಢದ ಬಳಿಯ ಬಾಂಟ್ವಾ ಎಂಬ ಊರಿನಲ್ಲಿ. ಗಾಂಧೀಜಿ ಹುಟ್ಟಿದ ಪೋರಬಂದರವೂ ಅದೇ ಕಾಠಿಯಾವಾಡದ ನೆಲದಲ್ಲಿದೆ. 1947ರ ವಿಭಜನೆ ಆ ಮೇಮನ್ ವ್ಯಾಪಾರಿ ಕುಟುಂಬವನ್ನು ಕರಾಚಿಗೆ ಕೊಂಡೊಯ್ದಿತು. ಅಲ್ಲಿ ಅವರು ಮಾಡಿದ ಕೆಲಸ ಯಾವ ಸರಕಾರದ್ದೂ ಆಗಿರಲಿಲ್ಲ. ಅಲ್ಲಿಯ ಸರಕಾರಗಳೊಂದಿಗೂ ಅವರು ಅಂತರ ಇಟ್ಟುಕೊಂಡೇ ಬದುಕಿದರು. ಒಳಿತನ್ನು ಎಲ್ಲಿ ಕಂಡರೂ ಕಲಿಯುವುದು ವಿಶ್ವಾಸಿಯ ಗುಣ. ಇಂದು ನಾವು ಕಲಿಯಲು ಕುಳಿತಿದ್ದೇವೆ.

ಎರಡು ಪೈಸೆಯ ಪಾಠ

ಈಧಿಯವರ ಸೇವೆಯ ಮೊದಲ ಶಾಲೆ ತಾಯಿಯ ಮಡಿಲು. ಬಾಲಕ ಸತ್ತಾರ್ ಶಾಲೆಗೆ ಹೊರಡುವಾಗ ತಾಯಿ ದಿನವೂ ಎರಡು ಪೈಸೆ ಕೊಡುತ್ತಿದ್ದರಂತೆ. ಒಂದು ನಿನಗೆ, ಇನ್ನೊಂದು ನಿನಗಿಂತ ಹೆಚ್ಚು ಅಗತ್ಯವಿರುವವನಿಗೆ ಎಂಬುದು ಷರತ್ತು. ಸಂಜೆ ಮರಳಿದಾಗ ಎರಡನೆಯ ಪೈಸೆಯ ಲೆಕ್ಕ ಕೊಡಬೇಕು. ಎರಡನ್ನೂ ತಾನೇ ತಿಂದು ಮುಗಿಸಿದ ದಿನ ಬೈಗುಳ ಕಾದಿರುತ್ತಿತ್ತು.

ತಾಯಂದಿರೇ, ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಮನೆಗಳಲ್ಲಿಯೂ ಮಕ್ಕಳ ಕೈಯಿಂದ ಮಸೀದಿಯ ಡಬ್ಬಿಗೆ ಹಣ ಹಾಕಿಸುತ್ತೇವೆ. ಅದು ಒಳ್ಳೆಯದೇ. ಆದರೆ ಆ ತಾಯಿ ಮಗನಿಗೆ ಕೊಟ್ಟದ್ದು ಹುಡುಕುವ ಕೆಲಸವನ್ನು. ಅಗತ್ಯವಿರುವವನು ಯಾರು ಎಂದು ಮಗು ತಾನೇ ದಾರಿಯಲ್ಲಿ ಕಣ್ಣು ತೆರೆದು ನೋಡಬೇಕಿತ್ತು. ಡಬ್ಬಿಗೆ ಕಣ್ಣು ಮುಚ್ಚಿಯೂ ಹಣ ಹಾಕಬಹುದು. ಎರಡನೆಯ ಪೈಸೆಯನ್ನು ಕಣ್ಣು ಮುಚ್ಚಿ ಕೊಡಲಾಗುವುದಿಲ್ಲ.

ಸತ್ತಾರ್‌ಗೆ ಹನ್ನೊಂದು ವರ್ಷವಾದಾಗ ಆ ತಾಯಿ ಪಾರ್ಶ್ವವಾಯುವಿಗೆ ತುತ್ತಾದರು. ಮುಂದೆ ಬುದ್ಧಿಯ ಸ್ಥಿಮಿತವೂ ತಪ್ಪಿತು. ಅವರನ್ನು ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ತುತ್ತು ಮಾಡಿ ಉಣಿಸುವುದು ಎಲ್ಲವೂ ಆ ಹುಡುಗನ ಪಾಲಿಗೆ ಬಂತು. ಶಾಲೆ ಅರ್ಧಕ್ಕೇ ನಿಂತಿತು. ಆತನ 19ನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಹೆತ್ತವರು ಮುದಿತನ ತಲುಪಿದಾಗ ಅವರೆದುರು ‘ಛೆ’ ಎಂಬ ಉದ್ಗಾರವೂ ಬಾಯಿಂದ ಹೊರಡಬಾರದೆಂದು ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಅದರ ಅರ್ಥವನ್ನು ನಾನು ತಫ್ಸೀರ್ ಗ್ರಂಥಗಳಲ್ಲಿ ಓದಿದೆ. ಈಧಿಯವರು ಅದನ್ನು ತಾಯಿಯ ಹಾಸಿಗೆಯ ಬಳಿ ಓದಿದರು. ತನ್ನ ತಾಯಿಯಂತೆ ಬಿದ್ದುಕೊಂಡಿರುವ, ಆದರೆ ತನ್ನಂಥ ಮಗನಿಲ್ಲದ ಎಷ್ಟು ತಾಯಂದಿರು ಇರಬಹುದು ಎಂಬ ಯೋಚನೆ ಅಲ್ಲಿಯೇ ಹುಟ್ಟಿತು ಎಂದು ಅವರು ಮುಂದೆ ನೆನೆಯುತ್ತಿದ್ದರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸಂಘಟನೆಯ ಕೆಲಸವೆಂದು ಊರೆಲ್ಲ ಸುತ್ತಿ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಔಷಧಿಯ ಹೆಸರೂ ತಿಳಿಯದ ಯುವಕರು ನಮ್ಮ ನಡುವೆ ಇದ್ದಾರೆ. ಅವಳ ಮೈ ತೊಳೆಯುವ ಕೆಲಸವನ್ನು ಹೆಂಡತಿಗೋ ತಂಗಿಗೋ ವಹಿಸಿ ಅವರು ವೇದಿಕೆಯ ಮೇಲೆ ಸೇವೆಯ ಬಗ್ಗೆ ಮಾತನಾಡುತ್ತಾರೆ. ಅಂಥವರ ಸಾಲಿನಲ್ಲಿ ನಾನೂ ಕೆಲಕಾಲ ನಿಂತಿದ್ದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

‘ನಮ್ಮವರಿಗೆ ಮಾತ್ರ’

ಕರಾಚಿಗೆ ಬಂದ ಯುವಕ ಈಧಿ ಬೀದಿ ವ್ಯಾಪಾರ ಮಾಡಿದರು, ಬಟ್ಟೆಯ ಸಗಟು ಮಾರುಕಟ್ಟೆಯಲ್ಲಿ ದುಡಿದರು. ಜೊತೆಗೆ ತಮ್ಮ ಮೇಮನ್ ಸಮಾಜದವರು ನಡೆಸುತ್ತಿದ್ದ ಧರ್ಮಾರ್ಥ ಔಷಧಾಲಯದಲ್ಲಿ ಸ್ವಯಂಸೇವಕರಾಗಿ ಸೇರಿಕೊಂಡರು. ಅಲ್ಲಿ ಕೆಲವೇ ದಿನಗಳಲ್ಲಿ ಅವರ ಮನಸ್ಸು ಕದಡಿತು. ಆ ಔಷಧಾಲಯದ ಬಾಗಿಲು ಮೇಮನರಿಗೆ ಮಾತ್ರ ತೆರೆದಿತ್ತು. ಬೇರೆಯವರು ರೋಗಿಗಳಾಗಿ ಬಂದರೂ ಹಿಂದಿರುಗಬೇಕಾಗಿತ್ತು. ಹಿರಿಯರ ಮುಂದೆಯೇ ಅವರು ಇದನ್ನು ಖಂಡಿಸಿದರು. ಇಪ್ಪತ್ತು ದಾಟಿದ ಹುಡುಗನೊಬ್ಬ ದಾನಿಗಳ ಎದುರು ನಿಂತು ದಾನದ ರೀತಿಯನ್ನೇ ಪ್ರಶ್ನಿಸಿದರೆ ಏನಾಗುತ್ತದೆಯೋ ಅದೇ ಆಯಿತು. ಅವರು ಹೊರಬರಬೇಕಾಯಿತು.

1951ರಲ್ಲಿ ಮೀಠಾದರ್ ಎಂಬ ಇಕ್ಕಟ್ಟಿನ ಬಡಾವಣೆಯಲ್ಲಿ ಪುಟ್ಟ ಕೋಣೆಯೊಂದನ್ನು ಪಡೆದು ತಮ್ಮದೇ ಔಷಧಾಲಯ ತೆರೆದರು. ರಾತ್ರಿ ಯಾರಾದರೂ ಬಂದರೆ ಬಾಗಿಲು ಮುಚ್ಚಿರಬಾರದೆಂದು ಅದರ ಹೊರಗಿನ ಸಿಮೆಂಟಿನ ಕಟ್ಟೆಯ ಮೇಲೆಯೇ ಮಲಗುತ್ತಿದ್ದರು. 1957ರಲ್ಲಿ ಏಷ್ಯನ್ ಫ್ಲೂ ಎಂಬ ಸಾಂಕ್ರಾಮಿಕ ಜ್ವರ ಕರಾಚಿಯನ್ನು ಆವರಿಸಿದಾಗ ಸಾಲ ಮಾಡಿ ಡೇರೆಗಳನ್ನು ಹಾಕಿ, ವೈದ್ಯ ವಿದ್ಯಾರ್ಥಿಗಳನ್ನು ಕರೆತಂದು ರೋಗಿಗಳ ಆರೈಕೆ ಮಾಡಿದರು. ಇದನ್ನು ಕಂಡ ವ್ಯಾಪಾರಿಯೊಬ್ಬರು 20 ಸಾವಿರ ರೂಪಾಯಿ ಕೊಟ್ಟರು. ಆ ಹಣದಲ್ಲಿ ಹಳೆಯ ವ್ಯಾನೊಂದನ್ನು ಕೊಂಡು ‘ಬಡವರ ವ್ಯಾನ್’ ಎಂದು ಅದರ ಮೇಲೆ ಬರೆಸಿದರು. ಈಧಿ ಪ್ರತಿಷ್ಠಾನದ ಆಂಬುಲೆನ್ಸ್ ಸೇವೆಯ ಆರಂಭ ಅದು. ಅವರು ತೀರಿಕೊಳ್ಳುವ ವೇಳೆಗೆ ಆ ಒಂದು ವ್ಯಾನು ಸುಮಾರು 1,500 ಆಂಬುಲೆನ್ಸುಗಳಾಗಿತ್ತು.

ಸಹೋದರರೇ, ಆ ಮೊದಲ ಜಗಳವನ್ನು ನೆನಪಿಡಿ. ಜಗಳ ಹಣದ್ದಾಗಿರಲಿಲ್ಲ, ಅಧಿಕಾರದ್ದೂ ಆಗಿರಲಿಲ್ಲ. ನೋವಿನಿಂದ ಬಂದವನನ್ನು ‘ನೀನು ಯಾರವನು?’ ಎಂದು ಕೇಳಬೇಕೇ ಬೇಡವೇ ಎಂಬುದಷ್ಟೇ ಅದರ ವಿಷಯ. ಈಧಿಯವರ ಮುಂದಿನ 65 ವರ್ಷಗಳ ಬದುಕು ಆ ಪ್ರಶ್ನೆಯನ್ನು ಕೇಳದೆ ಇರುವ ಒಂದು ದೀರ್ಘ ಅಭ್ಯಾಸ.

ಈಗ ನಮ್ಮ ಪಟ್ಟಣಗಳನ್ನು ನೋಡೋಣ. ಇದು ನಮ್ಮ ಜಮಾಅತಿನ ಸದಸ್ಯರಿಗೆ ಮಾತ್ರ, ಇದು ನಮ್ಮ ಸಂಘಟನೆಯವರಿಗೆ ಮಾತ್ರ, ಇದು ನಮ್ಮ ಪಂಗಡದವರಿಗೆ ಮಾತ್ರ! ವಂತಿಗೆ ಬಾಕಿ ಇರುವ ಮನೆಯ ಮಯ್ಯಿತ್‌ಗೆ ಮಸೀದಿಯ ಮಂಚ ಕೊಡಲು ತಕರಾರು ಎತ್ತಿದ ಪ್ರಸಂಗಗಳನ್ನು ವರದಿಗಾರನಾಗಿ ನಾನು ಕಂಡಿದ್ದೇನೆ. ಬಡವನೊಬ್ಬ ಸಹಾಯದ ಅರ್ಜಿ ತಂದರೆ ಅವನ ಹಸಿವಿಗಿಂತ ಮೊದಲು ಅವನ ಪಂಗಡವನ್ನು ವಿಚಾರಿಸುವವರಿದ್ದಾರೆ. ಯಹೂದಿಯೊಬ್ಬನ ಶವಯಾತ್ರೆ ಹಾದು ಹೋಗುವಾಗ ಪ್ರವಾದಿ(ಸ)ರವರು ಎದ್ದು ನಿಂತರು. ಅದು ಯಹೂದಿಯ ಶವವೆಂದು ಜೊತೆಯಲ್ಲಿದ್ದವರು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನಿಸಿದರು. ಆ ಪ್ರವಾದಿಯ(ಸ) ಅನುಯಾಯಿಗಳಾದ ನಾವು ಸ್ವಂತ ಸಹೋದರರಿಗೇ ಎದ್ದು ನಿಲ್ಲಲು ಸದಸ್ಯತ್ವದ ಚೀಟಿ ಕೇಳುತ್ತಿದ್ದೇವೆ.

ಬಾಗಿಲ ಬಳಿಯ ತೊಟ್ಟಿಲು

ಇನ್ನು ತೊಟ್ಟಿಲಿನ ಮಾತು. ಈಧಿ ಕೇಂದ್ರಗಳ ಹೊರಗೆ ತೊಟ್ಟಿಲುಗಳನ್ನು ಇರಿಸಲಾಗಿದೆ. ಮಗುವನ್ನು ಕೊಲ್ಲಬೇಡಿ, ಇಲ್ಲಿ ಮಲಗಿಸಿ ಹೋಗಿ ಎಂಬುದು ಅಲ್ಲಿಯ ಮನವಿ. ಯಾರು ತಂದರು, ಏಕೆ ತಂದರು ಎಂದು ಯಾರೂ ಕೇಳುವುದಿಲ್ಲ. ಹೀಗೆ ಉಳಿದ ಮಕ್ಕಳ ಸಂಖ್ಯೆ 16 ಸಾವಿರಕ್ಕೂ ಹೆಚ್ಚು. ಅವರನ್ನು ಎತ್ತಿಕೊಂಡ ಕೈಗಳು ಹೆಚ್ಚಾಗಿ ಈಧಿಯವರ ಪತ್ನಿ ಬಿಲ್ಕೀಸ್‌ರದ್ದು. ಅವರೂ ಬಾಂಟ್ವಾದಲ್ಲಿಯೇ ಹುಟ್ಟಿದವರು, ಔಷಧಾಲಯಕ್ಕೆ ದಾದಿಯ ತರಬೇತಿಗಾಗಿ ಬಂದವರು. 1966ರಲ್ಲಿ ಅವರ ವಿವಾಹವಾಯಿತು. ಮದುವೆಯ ರಾತ್ರಿಯನ್ನು ತಲೆಗೆ ಪೆಟ್ಟಾಗಿದ್ದ ಹುಡುಗಿಯೊಬ್ಬಳ ಆರೈಕೆಯಲ್ಲಿ ಆಸ್ಪತ್ರೆಯಲ್ಲಿ ಕಳೆದರೆಂದು ಅವರ ಬಳಗದವರು ಹೇಳುತ್ತಾರೆ. ಜಗತ್ತು ಈಧಿಯವರ ಗಡ್ಡವನ್ನೂ ಟೊಪ್ಪಿಯನ್ನೂ ನೆನಪಿಟ್ಟಿದೆ. ತೊಟ್ಟಿಲಿನ ಮಕ್ಕಳ ಪಾಲಿಗೆ ‘ಅಮ್ಮ’ ಎಂಬ ಶಬ್ದದ ಅರ್ಥ ಬಿಲ್ಕೀಸ್. 1986ರ ರಾಮೊನ್ ಮ್ಯಾಗ್ಸೇಸೆ ಪ್ರಶಸ್ತಿ ಇಬ್ಬರ ಹೆಸರಿನಲ್ಲಿಯೂ ಬಂದದ್ದು ನ್ಯಾಯವೇ ಆಗಿತ್ತು. 2022ರ ಏಪ್ರಿಲ್ 15ರಂದು ಅವರೂ ತೀರಿಕೊಂಡರು.

ಈ ತೊಟ್ಟಿಲು ಎಲ್ಲರಿಗೂ ಹಿಡಿಸಲಿಲ್ಲ. ಇದು ವ್ಯಭಿಚಾರಕ್ಕೆ ಬಾಗಿಲು ತೆರೆಯುತ್ತದೆ ಎಂದು ಕೆಲವರು ಸಿಡಿದೆದ್ದರು. ಮಕ್ಕಳ ದಾಖಲೆಯಲ್ಲಿ ಈಧಿ ದಂಪತಿ ತಮ್ಮದೇ ಹೆಸರು ಬರೆಸಿ ವಂಶಾವಳಿಯನ್ನು ಕೆಡಿಸುತ್ತಿದ್ದಾರೆ ಎಂದು ಇನ್ನು ಕೆಲವರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಮೊದಲು ಕೇಳಿದಾಗ ನಾನು ಮದ್ರಸದ ವಿದ್ಯಾರ್ಥಿ. ನನಗೆ ಅದು ಸರಿಯೆಂದೇ ತೋರಿತ್ತು. ನನ್ನ ಆ ಅಭಿಪ್ರಾಯ ಬದಲಾದದ್ದು ಪುಸ್ತಕದಿಂದಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದಲ್ಲಿ ನಸುಕಿನ ವೇಳೆ ಕಸದ ರಾಶಿಯ ಬಳಿ ನವಜಾತ ಹೆಣ್ಣು ಮಗುವೊಂದು ಸಿಕ್ಕಿತು. ಆಸ್ಪತ್ರೆಗೆ ಒಯ್ದರು. ಕೆಲವು ಗಂಟೆ ಉಸಿರಾಡಿ ಅದು ತೀರಿಕೊಂಡಿತು. ಸಿಕ್ಕ ಜಾಗ ನಮ್ಮ ಮೊಹಲ್ಲಾದ್ದಾಗಿದ್ದರಿಂದ ಪೊಲೀಸರು ಮಹಜರು ಮುಗಿಸಿ, ದಫನ ಮಾಡುವಿರಾ ಎಂದು ಜಮಾಅತಿನವರನ್ನು ಕೇಳಿದರು. ವರದಿಗಾಗಿ ಹೋಗಿದ್ದ ನಾನು ಕಮಿಟಿಯ ಕೋಣೆಯ ಹೊರಗೆ ನಿಂತಿದ್ದೆ. ಒಳಗೆ ಒಂದು ಗಂಟೆ ಚರ್ಚೆ ನಡೆಯಿತು. ಇದು ಯಾರ ಪಾಪವೋ, ನಮ್ಮ ಖಬರಸ್ತಾನದಲ್ಲಿ ಏಕೆ? ನಾಳೆ ಇದೇ ರೂಢಿಯಾದರೆ? ಹೊರಗೆ ಆಂಬುಲೆನ್ಸಿನಲ್ಲಿ, ಒಂದು ಟವೆಲಿನಲ್ಲಿ ಸುತ್ತಿದ ಆ ಮಗು ಮಲಗಿತ್ತು. ಕೊನೆಗೆ ಖಬರ್ ತೋಡುವ ಮುದುಕರೊಬ್ಬರು ಯಾರ ಅಪ್ಪಣೆಗೂ ಕಾಯದೆ ಗುದ್ದಲಿ ಎತ್ತಿಕೊಂಡು ಹೋದರು. ಖಬರ್ ಸಿದ್ಧವಾಗಿದೆ, ಕರೆದುಕೊಂಡು ಬನ್ನಿ ಎಂದು ಅವರು ಹೇಳಿ ಕಳುಹಿಸಿದಾಗ ಒಳಗಿನ ಚರ್ಚೆ ತಾನಾಗಿ ನಿಂತಿತು. ಜನಾಝಾ ನಮಾಝಿಗೆ ನಿಂತವರು ಏಳು ಮಂದಿ.

ಆ ದಿನ ನನ್ನನ್ನು ಸುಟ್ಟದ್ದು ಕಮಿಟಿಯ ಮಾತುಗಳಲ್ಲ, ನನ್ನ ಮೌನ. ಏಕೆಂದರೆ ಆ ಚರ್ಚೆಗೆ ಉತ್ತರ ನನಗೆ ಗೊತ್ತಿತ್ತು. ನಮ್ಮ ಫಿಕ್ಹ್ ಗ್ರಂಥಗಳಲ್ಲಿ ‘ಲಖೀತ್’ ಎಂಬ ಅಧ್ಯಾಯವೇ ಇದೆ. ಬಿಟ್ಟುಹೋದ ಮಗುವಿನ ಕುರಿತ ಅಧ್ಯಾಯ ಅದು. ಅಂಥ ಮಗುವನ್ನು ಎತ್ತಿಕೊಳ್ಳುವುದು ಶಾಫಿಈ ಮದ್‌ಹಬಿನಲ್ಲಿ ಫರ್ಝ್ ಕಿಫಾಯ. ಊರಿನಲ್ಲಿ ಯಾರೂ ಎತ್ತಿಕೊಳ್ಳದಿದ್ದರೆ ಇಡೀ ಊರು ಪಾಪದಲ್ಲಿ ಪಾಲುದಾರ. ಜೀವಕ್ಕೆ ಅಪಾಯವಿದ್ದರೆ ಎತ್ತಿಕೊಳ್ಳುವುದು ಕಡ್ಡಾಯವೆಂದು ಹನಫೀ ವಿದ್ವಾಂಸರೂ ಹೇಳುತ್ತಾರೆ. ಮುಸ್ಲಿಮರ ವಾಸಸ್ಥಳದಲ್ಲಿ ಸಿಕ್ಕ ಮಗುವನ್ನು ಮುಸ್ಲಿಮ್ ಎಂದೇ ಪರಿಗಣಿಸಲಾಗುತ್ತದೆ. ಖಲೀಫಾ ಉಮರ್(ರ)ರ ಕಾಲದಲ್ಲಿ ಅಬೂ ಜಮೀಲಾ ಎಂಬವರಿಗೆ ಹೀಗೆಯೇ ಒಂದು ಮಗು ಸಿಕ್ಕಿತು. ಉಮರ್(ರ) ಆ ಮಗುವಿನ ತಾಯಿಯನ್ನು ಹುಡುಕಿಸಲಿಲ್ಲ. ತಂದವರು ಪ್ರಾಮಾಣಿಕರೆಂದು ಖಾತ್ರಿಪಡಿಸಿಕೊಂಡು, ಮಗು ಸ್ವತಂತ್ರ, ಅದರ ಪೋಷಣೆಯ ವೆಚ್ಚ ತಮ್ಮ ಮೇಲೆ, ಅಂದರೆ ಸಾರ್ವಜನಿಕ ಖಜಾನೆಯ ಮೇಲೆ ಎಂದು ತೀರ್ಪಿತ್ತರು. ಈ ಅಧ್ಯಾಯದ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಮಗು ಎದುರಿಗೆ ಬಂದ ದಿನ ನಾನು ಅನುತ್ತೀರ್ಣನಾದೆ.

ವಂಶಾವಳಿಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನಾನು ಹೇಳುವುದಿಲ್ಲ. ಮಕ್ಕಳನ್ನು ಅವರ ತಂದೆಯಂದಿರ ಹೆಸರಿನಿಂದಲೇ ಕರೆಯಬೇಕೆಂಬುದು ಅಲ್‌ಅಹ್‌ಝಾಬ್ ಅಧ್ಯಾಯದ ಸ್ಪಷ್ಟ ಆದೇಶ. ಆದರೆ ಅದೇ ಸೂಕ್ತ ಮುಂದುವರಿದು, ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮ ಸಹೋದರರೆಂದು ಘೋಷಿಸುತ್ತದೆ. ಸೂಕ್ತದ ಮೊದಲರ್ಧವನ್ನು ಓದಿ ಮಗುವನ್ನು ದೂರವಿಡುವವರು ಉಳಿದರ್ಧವನ್ನೂ ಓದಬೇಕು. ದಾಖಲೆಯಲ್ಲಿ ಏನು ಬರೆಯಬೇಕೆಂಬುದು ಇತ್ಯರ್ಥವಾಗಬಲ್ಲ ವಿಚಾರ. ಹೆತ್ತವರು ಗೊತ್ತಿಲ್ಲದ ಮಕ್ಕಳಿಗೂ ಗುರುತಿನ ದಾಖಲೆ ಸಿಗಬೇಕೆಂದು ಈಧಿಯವರು ನ್ಯಾಯಾಲಯದ ಮೆಟ್ಟಿಲೇರಿದ್ದರು. 2014ರಲ್ಲಿ ಪಾಕಿಸ್ತಾನದಲ್ಲಿ ಅದಕ್ಕೊಂದು ನೀತಿಯೂ ರೂಪುಗೊಂಡಿತು. ಆದರೆ ದಾಖಲೆಯ ಚರ್ಚೆ ಮುಗಿಯುವ ತನಕ ಹಸುಳೆ ಕಸದ ರಾಶಿಯಲ್ಲಿ ಕಾಯಲಾರದು. ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವನ್ನು, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತು ಎಂದು ಅಂತ್ಯದಿನದಲ್ಲಿ ವಿಚಾರಿಸಲಾಗುವುದು. ಆಗ ಅದು ಯಾರ ಯಾರ ಹೆಸರು ಹೇಳೀತು? ಹೆತ್ತವಳ ಹೆಸರನ್ನು ಮಾತ್ರ ಹೇಳೀತೇ? ಆಕೆಗೆ ಬೇರೆ ದಾರಿಯೇ ಕಾಣದಂತೆ ಬೀದಿಯುದ್ದಕ್ಕೂ ನಾಲಗೆ ಚಾಚಿ ನಿಂತಿದ್ದ ನಮ್ಮ ಹೆಸರನ್ನೂ ಹೇಳೀತೇ?

ನಮ್ಮ ದೇಶದಲ್ಲಿಯೂ ದಾರಿಗಳಿವೆ ಎಂಬುದನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ. ತಮಿಳುನಾಡು ಸರಕಾರ 1992ರಲ್ಲಿಯೇ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿತು. 2015ರ ಬಾಲನ್ಯಾಯ ಕಾಯ್ದೆಯಂತೆ, ಸಾಕಲಾಗದ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮರುಯೋಚನೆಗೆ ಎರಡು ತಿಂಗಳ ಅವಕಾಶವಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆಯಲು ಯಾವ ಫತ್ವಾ ಬೇಕು?

ಗೀತಾಳ ಪೂಜೆಯ ಮೂಲೆ

ಈಧಿ ದಂಪತಿಯ ಹೆಸರು ನಮ್ಮ ದೇಶದ ಮನೆಮನೆಗೆ ತಲುಪಿದ್ದು 2015ರಲ್ಲಿ. ಮಾತು ಬಾರದ, ಕಿವಿ ಕೇಳದ ಭಾರತದ ಬಾಲಕಿಯೊಬ್ಬಳು ಹಲವು ವರ್ಷಗಳ ಹಿಂದೆ ದಾರಿ ತಪ್ಪಿ ಗಡಿಯಾಚೆ ಸೇರಿದ್ದಳು. ಆಕೆಯನ್ನು ಈಧಿ ಕೇಂದ್ರದ ವಶಕ್ಕೆ ಕೊಡಲಾಯಿತು. ಆಕೆ ಹಿಂದೂ ಎಂಬುದು ಹಾವಭಾವಗಳಿಂದ ತಿಳಿದಾಗ ಬಿಲ್ಕೀಸ್ ಆಕೆಗೆ ಗೀತಾ ಎಂದು ಹೆಸರಿಟ್ಟರು. ದೇವರ ಚಿತ್ರಗಳನ್ನಿಟ್ಟು ಪೂಜಿಸಲು ಆಕೆಗೊಂದು ಪ್ರತ್ಯೇಕ ಸ್ಥಳವನ್ನೂ ಮಾಡಿಕೊಟ್ಟರು. 2015ರ ಅಕ್ಟೋಬರ್ 26ರಂದು ಆಕೆಯನ್ನು ತಾವೇ ದೆಹಲಿಗೆ ಕರೆತಂದು ಒಪ್ಪಿಸಿದರು. ಪ್ರಧಾನಿ ನರೇಂದ್ರ ಮೋದಿಯವರು ಈಧಿ ಪ್ರತಿಷ್ಠಾನಕ್ಕೆ ಒಂದು ಕೋಟಿ ರೂಪಾಯಿಯ ಕೊಡುಗೆ ಪ್ರಕಟಿಸಿದರು. ಪ್ರತಿಷ್ಠಾನ ಕೃತಜ್ಞತೆ ಸಲ್ಲಿಸಿ ಆ ಹಣವನ್ನು ವಿನಯದಿಂದ ನಿರಾಕರಿಸಿತು. ಇದರಲ್ಲಿ ಭಾರತದ ಮೇಲಿನ ಮುನಿಸೇನೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ತಮ್ಮದೇ ದೇಶದ ಜನರಲ್ ಜಿಯಾ ಉಲ್ ಹಕ್ ಕಳುಹಿಸಿದ್ದ ಐದು ಲಕ್ಷ ರೂಪಾಯಿಯನ್ನೂ ಈಧಿಯವರು ಹಿಂದಿರುಗಿಸಿದ್ದರು. ಸರಕಾರದ ಹಣದ ಹಿಂದೆ ಸರಕಾರದ ಷರತ್ತು ಬರುತ್ತದೆ ಎಂಬುದು ಅವರ ನಿಲುವು. ಜನಸಾಮಾನ್ಯರ ಮುಂದೆ ಕೈಚಾಚಲು ಮಾತ್ರ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ರಸ್ತೆಯ ಬದಿಯಲ್ಲಿ ಜೋಳಿಗೆ ಹಿಡಿದು ಕೂರುತ್ತಿದ್ದರು.

ಧರ್ಮಾಂತರ, ಮತಾಂಧತೆ ಎಂದು ಬೊಬ್ಬೆ ಹಾಕುವವರೂ, ಪರಧರ್ಮೀಯನ ಕಡೆ ನೋಡಿ ನಕ್ಕರೂ ಈಮಾನ್ ಕರಗಿತೆಂದು ಭಾವಿಸುವ ನಮ್ಮೊಳಗಿನ ಸಂಕುಚಿತರೂ ಆ ಪೂಜೆಯ ಮೂಲೆಯ ಮುಂದೆ ಒಂದು ನಿಮಿಷ ನಿಲ್ಲಬೇಕು. ಐದು ಹೊತ್ತು ನಮಾಝಿನ ಮನೆಯಲ್ಲಿ ಒಬ್ಬ ಅನಾಥ ಹಿಂದೂ ಹುಡುಗಿಯ ವಿಶ್ವಾಸ ಸುರಕ್ಷಿತವಾಗಿ ಉಳಿಯಿತು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ಕುರ್‌ಆನಿನ ಬೋಧನೆಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನವನ್ನು ನಾನು ಓದಿಲ್ಲ. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನ ಎರಡನೆಯ ಅಲೆಯಲ್ಲಿ ನಾವು ಆಮ್ಲಜನಕಕ್ಕಾಗಿ ಪರದಾಡುತ್ತಿದ್ದಾಗ, ತಂದೆಯ ಬಳಿಕ ಸಂಸ್ಥೆಯ ಹೊಣೆ ಹೊತ್ತಿದ್ದ ಫೈಸಲ್ ಈಧಿ 50 ಆಂಬುಲೆನ್ಸುಗಳನ್ನು ಕಳುಹಿಸಲು ಸಿದ್ಧರಿರುವುದಾಗಿ ನಮ್ಮ ಪ್ರಧಾನಿಯವರಿಗೆ ಪತ್ರ ಬರೆದರು. ಎರಡನೆಯ ಪೈಸೆಯ ಪಾಠ ಮಗನಿಗೂ ತಲುಪಿತ್ತು.

ಮನೆ ತೆತ್ತ ಬೆಲೆ

ಮೃತರನ್ನು ನೆನೆಯುವಾಗ ಒಳಿತನ್ನೇ ನೆನೆಯಬೇಕೆಂಬುದು ನಮ್ಮ ಸಂಸ್ಕೃತಿ. ಆದರೂ ಈ ಬದುಕಿನ ಭಾರ ಯಾರ ಮೇಲೆ ಬಿತ್ತೆಂಬುದನ್ನು ಹೇಳದಿದ್ದರೆ ಅದು ಅರ್ಧ ಸತ್ಯವಾದೀತು. ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳ ತಂದೆ ಈಧಿಯವರು. ಸಂಸ್ಥೆಯ ಕಚೇರಿಗೆ ತಾಗಿದ ಎರಡು ಕೋಣೆಗಳೇ ಮನೆ, ಎರಡು ಜೊತೆ ಬಟ್ಟೆಯೇ ಆಸ್ತಿ. ಆ ಮನೆಯ ಮಕ್ಕಳಿಗೆ ತಂದೆಯ ಸಮಯದಲ್ಲಿ ಸಾವಿರಾರು ಪಾಲುದಾರರಿದ್ದರು.

1992ರಲ್ಲಿ ಅವರ ಮುದ್ದಿನ ಮೊಮ್ಮಗ ಬಿಲಾಲ್, ಕೇಂದ್ರದಲ್ಲಿ ಆಶ್ರಯ ಪಡೆದಿದ್ದ ಮಾನಸಿಕ ಅಸ್ವಸ್ಥ ಮಹಿಳೆಯೊಬ್ಬರ ಕೈಯಿಂದ ಸುಟ್ಟಗಾಯಗಳಾಗಿ ತೀರಿಕೊಂಡ. ಅದೇ ದಿನಗಳಲ್ಲಿ ಘೋಟ್ಕಿಯ ಬಳಿ ಭೀಕರ ರೈಲು ಅಪಘಾತ ಸಂಭವಿಸಿತು. ಅಜ್ಜ ಮನೆಯ ದುಃಖವನ್ನು ಮನೆಯಲ್ಲೇ ಬಿಟ್ಟು ಅಪಘಾತದ ಸ್ಥಳಕ್ಕೆ ಹೊರಟರು. ಅವರು ಹೀಗೆ ಮಾಡಿದ್ದು ಸರಿಯೇ? ಬಹಳ ಯೋಚಿಸಿದ್ದೇನೆ, ಉತ್ತರ ಹೇಳುವ ಧೈರ್ಯ ನನಗಿಲ್ಲ. ಅಪಘಾತದಲ್ಲಿ ಸತ್ತವರಿಗೂ ಅಜ್ಜಂದಿರಿದ್ದರು ಎಂಬುದು ನಿಜ. ಅಳುತ್ತಿರುವ ಮಗಳ ಬಳಿ ತಂದೆ ಇರಬೇಕಿತ್ತು ಎಂಬುದೂ ನಿಜ. ನಿನ್ನ ಮೈಗೂ, ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರವರು ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟ ಸಹಾಬಿಯನ್ನು ತಡೆದಿದ್ದರು. ಆ ಹಕ್ಕನ್ನು ಆ ಮನೆಯವರು ಬಿಟ್ಟುಕೊಟ್ಟದ್ದರಿಂದಲೇ ಈಧಿ ಈಧಿಯಾದರು. ಆದ್ದರಿಂದ ಪುಣ್ಯದ ಲೆಕ್ಕದಲ್ಲಿ ಬಿಲ್ಕೀಸ್‌ರ ಮತ್ತು ಆ ಮಕ್ಕಳ ಪಾಲನ್ನು ನಾವು ಮರೆಯಬಾರದು. ಇಲ್ಲಿ ಕುಳಿತಿರುವ ಕಾರ್ಯಕರ್ತರು ಇಂದು ರಾತ್ರಿ ಮನೆಗೆ ಹೋಗಿ, ನಿಮ್ಮ ಬಿಟ್ಟುಕೊಡುವಿಕೆಯ ಮೇಲೆ ನನ್ನ ಸೇವೆ ನಿಂತಿದೆಯೆಂದು ಹೆಂಡತಿಗೆ ಒಂದು ಮಾತು ಹೇಳಿದರೆ ಈ ಸಭೆ ಸಾರ್ಥಕವಾದಂತೆ.

ಈಧಿಯವರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಧರ್ಮಪಂಡಿತರ ಬಗ್ಗೆ ಅವರು ಕಟುವಾಗಿ ಮಾತನಾಡಿದ್ದುಂಟು. ಆದರೆ ನಮ್ಮ ನಡವಳಿಕೆಯಿಂದ ನೊಂದ ಒಬ್ಬ ಸೇವಕನ ಕಟುಮಾತನ್ನು ತೂಗುವಾಗ ನಮ್ಮ ನಡವಳಿಕೆಯನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ಸಂಖ್ಯೆ ಬರೆದ ಖಬರುಗಳು

ಕರಾಚಿಯ ಹೊರವಲಯದ ಮೊವಾಚ್ ಗೋಠ್‌ನಲ್ಲಿ ಈಧಿಯವರ ಖಬರಸ್ತಾನವಿದೆ. ವಾರಸುದಾರರಿಲ್ಲದ ಶವಗಳನ್ನು ಅಲ್ಲಿ ದಫನ ಮಾಡಲಾಗುತ್ತದೆ. ಖಬರುಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಕೊಳೆತ ಶವಗಳನ್ನು ಯಾರೂ ಮುಟ್ಟದಿದ್ದಾಗ ಈಧಿಯವರು ತಾವೇ ಎತ್ತಿ ತಂದು, ತೊಳೆದು, ಕಫನ್ ಹೊದೆಸುತ್ತಿದ್ದರು. 2015ರ ಜೂನ್‌ನಲ್ಲಿ ಬಿಸಿಗಾಳಿಗೆ ಕರಾಚಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಅವರ ಶವಾಗಾರದಲ್ಲಿ ಸ್ಥಳವೇ ಉಳಿಯಲಿಲ್ಲ.

ಇಲ್ಲಿ ನಮ್ಮ ಯುವಕರನ್ನು ನಾನು ಮನಸಾರೆ ಅಭಿನಂದಿಸಬೇಕು. 2020 ಮತ್ತು 2021ರಲ್ಲಿ, ಸ್ವಂತ ಮಕ್ಕಳೇ ತಂದೆಯ ಶವದ ಬಳಿ ಬರಲು ಹೆದರಿದ ದಿನಗಳಲ್ಲಿ, ಕರ್ನಾಟಕದ ಹಲವು ಊರುಗಳಲ್ಲಿ ಮುಸ್ಲಿಮ್ ಯುವಕರು ರಕ್ಷಾಕವಚ ತೊಟ್ಟು ಹಿಂದೂ, ಕ್ರೈಸ್ತ, ಮುಸ್ಲಿಮ್ ಎನ್ನದೆ ಶವಗಳನ್ನು ಹೊತ್ತರು. ಆಯಾ ಧರ್ಮದ ವಿಧಿಯಂತೆ ಕಳುಹಿಸಿಕೊಟ್ಟರು. ಅದಕ್ಕೆ ಸ್ವಲ್ಪವೇ ಮೊದಲು ಸೋಂಕಿನ ಹೆಸರಿನಲ್ಲಿ ಇಡೀ ಸಮುದಾಯವನ್ನು ಟಿ.ವಿ. ಚಾನೆಲುಗಳು ಕಟಕಟೆಯಲ್ಲಿ ನಿಲ್ಲಿಸಿದ್ದವು. ಆ ಆರೋಪಕ್ಕೆ ನೂರು ಪತ್ರಿಕಾ ಹೇಳಿಕೆಗಳು ಕೊಡಲಾಗದ ಉತ್ತರವನ್ನು ಆ ಹೆಗಲುಗಳು ಕೊಟ್ಟವು. ಪ್ರಶ್ನೆಯೇನೆಂದರೆ, ಸಾಂಕ್ರಾಮಿಕದ ಕಾಲದಲ್ಲಿ ನಾವು ಕೇಳದಿದ್ದ ‘ನೀನು ಯಾರವನು?’ ಎಂಬ ಪ್ರಶ್ನೆಯನ್ನು ಸಾಮಾನ್ಯ ದಿನಗಳಲ್ಲಿ ಮತ್ತೆ ಏಕೆ ಕೇಳತೊಡಗಿದೆವು?

ಈಧಿಯವರ ಕೊನೆಯ ದಿನಗಳೂ ಅವರ ಬದುಕಿನಂತೆಯೇ ಇದ್ದವು. ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಿದೇಶದಲ್ಲಿ ಚಿಕಿತ್ಸೆ ಕೊಡಿಸುವುದಾಗಿ ಮಾಜಿ ಅಧ್ಯಕ್ಷರೊಬ್ಬರು ಮುಂದೆ ಬಂದಾಗ ನಿರಾಕರಿಸಿ, ತಮ್ಮ ದೇಶದ ಸರಕಾರಿ ಆಸ್ಪತ್ರೆಯೇ ಸಾಕೆಂದರು. ಧರಿಸಿದ್ದ ಬಟ್ಟೆಯಲ್ಲಿಯೇ ತನ್ನನ್ನು ಮಣ್ಣು ಮಾಡಬೇಕೆಂದೂ, ದೇಹದಲ್ಲಿ ಬಳಕೆಗೆ ಬರುವುದನ್ನು ದಾನ ಮಾಡಬೇಕೆಂದೂ ತಿಳಿಸಿದ್ದರು. ಅಂಗದಾನದ ಕುರಿತು ಉಲೆಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಅವರಿಗೇ ಬಿಡೋಣ. ಕೊಡಲು ಉಳಿದಿದ್ದುದು ಕಣ್ಣು ಮಾತ್ರ, ಅದನ್ನೂ ಕೊಟ್ಟರು. 2016ರ ಜುಲೈ 9ರಂದು ಕರಾಚಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಸರಕಾರಿ ಗೌರವದೊಂದಿಗೆ ಜನಾಝಾ ನಮಾಝ್ ನಡೆಯಿತು. ಬದುಕಿಡೀ ಅವರು ದೂರವಿಟ್ಟಿದ್ದ ಅಧಿಕಾರಸ್ಥರು ಅಂದು ಮೊದಲ ಸಾಲಿನಲ್ಲಿದ್ದರು. ಬಳಿಕ ಈಧಿ ಗ್ರಾಮದಲ್ಲಿ ವರ್ಷಗಳ ಹಿಂದೆ ತಮಗಾಗಿ ತಾವೇ ತೋಡಿಟ್ಟಿದ್ದ ಖಬರಿನಲ್ಲಿ ಅವರು ಮಲಗಿದರು.

ನಾವೇನು ಮಾಡೋಣ?

ಇಂಥ ಸಭೆಗಳ ಕೊನೆಗೆ ದುಆ ಮಾಡಿ, ಚಹಾ ಕುಡಿದು ಹೋಗುವುದು ರೂಢಿ. ಒಂದು ದೊಡ್ಡ ಸಂಸ್ಥೆಯನ್ನು ಕಟ್ಟಿ ಎಂದು ನಾನು ಹೇಳುವುದಿಲ್ಲ. ಈಧಿಯವರೂ ಮೊದಲು ಕಟ್ಟಿದ್ದು ಒಂದು ಕೋಣೆಯನ್ನು. ಹಾಸಿಗೆ ಹಿಡಿದ ವೃದ್ಧರಿರುವ ಮನೆಗಳು ನಮ್ಮ ಮೊಹಲ್ಲಾದಲ್ಲಿ ಎಷ್ಟಿವೆಯೆಂದು ಈ ತಿಂಗಳಲ್ಲಿ ಎಣಿಸಿ. ವಾರಕ್ಕೊಮ್ಮೆ ಆ ಮನೆಯ ಹೆಣ್ಣು ಮಗಳಿಗೆ ಎರಡು ಗಂಟೆ ಬಿಡುವು ಸಿಗುವಂತೆ ನೋಡಿಕೊಳ್ಳಿ. ಜಮಾಅತಿನ ಆಂಬುಲೆನ್ಸ್ ಇದ್ದರೆ ಅದು ಎಲ್ಲರಿಗೂ ಎಂದು ಅದರ ಮೇಲೆಯೇ ಬರೆಸಿ. ಸಂಗ್ರಹಿಸಿದ ಝಕಾತ್ ಮತ್ತು ಸದಕಾದ ಲೆಕ್ಕವನ್ನು ಮಸೀದಿಯ ಗೋಡೆಯ ಮೇಲೆ ಅಂಟಿಸಿ. ಈಧಿಯವರ ಕೈಗೆ ಜನ ರಸೀದಿಯನ್ನೂ ಕೇಳದೆ ಹಣ ಕೊಡುತ್ತಿದ್ದುದು ಅವರ ಎರಡು ಜೊತೆ ಬಟ್ಟೆಯನ್ನು ನೋಡಿ. ನಮಗೆ ಆ ಬಟ್ಟೆ ಇಲ್ಲ, ಆದ್ದರಿಂದ ನಾವು ರಸೀದಿ ತೋರಿಸಲೇಬೇಕು. ಹೆಸರಿಲ್ಲದ ಶವ ಬಂದರೆ ಖಬರ್ ಎಲ್ಲಿ, ಕಫನ್ ಯಾರದು ಎಂಬುದನ್ನು ಇಂದೇ ನಿರ್ಣಯಿಸಿ ಬರೆದಿಡಿ. ಮಯ್ಯಿತ್ ಹೊರಗೆ ಕಾಯುತ್ತಿರುವಾಗ ಚರ್ಚೆ ಮಾಡುವ ಗತಿ ಇನ್ನೊಂದು ಕಮಿಟಿಗೆ ಬಾರದಿರಲಿ.

ಆ ಏಳು ಮಂದಿಯ ಜನಾಝಾದ ಬಳಿಕ ಖಬರ್ ತೋಡಿದ ಮುದುಕರ ಬಳಿ ಹೋಗಿ ನಾನು ಸಲಾಮ್ ಹೇಳಿದೆ. ಇಷ್ಟು ಬೇಗ ಹೇಗೆ ತೋಡಿದಿರಿ ಚಾಚಾ ಎಂದು ಕೇಳಿದೆ. ಚಿಕ್ಕ ಖಬರಲ್ಲವೇ ಮಗಾ, ಎಷ್ಟು ಹೊತ್ತು ಬೇಕು ಎಂದರು. ಆ ಮುದುಕರಿಗೆ ಲಖೀತ್ ಅಧ್ಯಾಯ ಗೊತ್ತಿರಲಿಲ್ಲ. ಈಧಿಯವರ ಹೆಸರನ್ನೂ ಅವರು ಕೇಳಿರಲಿಕ್ಕಿಲ್ಲ. ಎರಡನೆಯ ಪೈಸೆ ಯಾರಿಗೆ ಸಲ್ಲಬೇಕೆಂಬುದು ಮಾತ್ರ ಅವರಿಗೆ ಗೊತ್ತಿತ್ತು.

ನಾಳೆ ಬೆಳಿಗ್ಗೆ ನಿಮ್ಮ ಮಗು ಶಾಲೆಗೆ ಹೊರಡುವಾಗ ಅದರ ಕೈಯಲ್ಲಿ ಎರಡು ನಾಣ್ಯಗಳನ್ನಿಡಿ. ಸಂಜೆ ಲೆಕ್ಕ ಕೇಳಿ. ಒಂದು ಜೀವವನ್ನು ಉಳಿಸಿದವನು ಇಡೀ ಮಾನವ ಕುಲವನ್ನು ಉಳಿಸಿದಂತೆ ಎಂದು ಕಲಿಸಿದ ಅಲ್ಲಾಹನು ಅಬ್ದುಸ್ಸತ್ತಾರ್ ಮತ್ತು ಬಿಲ್ಕೀಸ್ ಈಧಿಯವರ ಲೋಪಗಳನ್ನು ಕ್ಷಮಿಸಿ ಅವರ ಸತ್ಕರ್ಮಗಳನ್ನು ಸ್ವೀಕರಿಸಲಿ. ಹೆಸರಿಲ್ಲದೆ ಮಲಗಿರುವ ಆ ಪುಟ್ಟ ಹೆಣ್ಣು ಮಗುವನ್ನು ನಮ್ಮ ವಿರುದ್ಧ ಸಾಕ್ಷಿಯಾಗಿಸದಿರಲಿ. ಆಮೀನ್.

ವ ಆಖಿರು ದಅವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.